ಅಚ್ಚಿನ ಕೋಣೆಯ ಶಿವಲೀಲಾ

ಶಿವಲೀಲಾಳ ಕೈಗಳ ವಿಷಯ ಮೊದಲು ಹೇಳಿಬಿಡುತ್ತೇನೆ. ನನ್ನ ಹೊಟ್ಟೆ ಉರಿಯಲು ಶುರುವಾದದ್ದೇ ಅಲ್ಲಿಂದ. ಗಂಡಸರ ಕೈಯಷ್ಟು ಅಗಲ, ಮಣಿಕಟ್ಟಿನವರೆಗೂ ಪ್ಲಾಸ್ಟರ್ ಮೆತ್ತಿದ ಬಿಳುಪು, ಎಷ್ಟು ಉಜ್ಜಿದರೂ ಉಗುರಿನ ಸಂದಿಯಿಂದ ಹೋಗದ ಪುಡಿ. ಯಾರದೇ ಮುಖ ಮುಟ್ಟುವ ಮೊದಲು ಅವಳು ಬಿಸಿ ಚಹಾ ತುಂಬಿದ ಸ್ಟೀಲ್ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ನಿಲ್ಲುತ್ತಿದ್ದಳು. ಕುಡಿಯಲಿಕ್ಕಲ್ಲ, ಕೈ ಕಾಯಿಸಿಕೊಳ್ಳಲಿಕ್ಕೆ. "ತಣ್ಣನ ಕೈ ಮಾರಿಗೆ ಹಚ್ಚಿದ್ರ ಮನಷ್ಯಾ ಬೆಚ್ಚಿ ಬೀಳ್ತಾನ್ರಿ" ಎನ್ನುತ್ತಿದ್ದಳು. ಕೈ ಬೆಚ್ಚಗಾದ ಮೇಲೆ ಲೋಟ ಕಿಟಕಿಗೆ ಹೋಗುತ್ತಿತ್ತು. ಕೆಲಸವೆಲ್ಲ ಮುಗಿದ ಮೇಲೆ ಆ ಆರಿದ ಚಹಾವನ್ನೇ ಗಟಗಟ ಕುಡಿಯುತ್ತಿದ್ದಳು. ಹದಿನಾಲ್ಕು ವರ್ಷ ಸಂಸಾರ ಮಾಡಿದ ನಾನು ನನ್ನ ಗಂಡನ ಮುಖವನ್ನು ಒಂದು ಸಲವಾದರೂ ಹಾಗೆ ಕೈ ಕಾಯಿಸಿಕೊಂಡು ಮುಟ್ಟಿದ್ದುಂಟೇ? ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದುಂಟು, ಅಷ್ಟೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಠಾಣೆಯ ಹತ್ತಿರ, ಡೊಂಬಿವಲಿ ಪೂರ್ವದಲ್ಲಿ. ನಮ್ಮವರು ಅಂಬರನಾಥದ ಕಾರ್ಖಾನೆಯೊಂದರಲ್ಲಿ ಡೈ ಮಾಡುವವರು, ಅಂದರೆ ಪ್ಲಾಸ್ಟಿಕ್ ಸಾಮಾನು ಹೊಯ್ಯುವ ಉಕ್ಕಿನ ಅಚ್ಚುಗಳನ್ನು ಕೊರೆಯುವವರು. ಕುಂದಾಪುರದ ಕಡೆಯ ಮನುಷ್ಯ. ಮಾತು ಕಡಿಮೆ, ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಜಾಸ್ತಿ. ಒಂದು ಮಳೆಗಾಲ ನಾಲಿಗೆಯ ಬುಡದಲ್ಲಿ ಹುಣ್ಣಾಯಿತು. ಉಷ್ಣ ಎಂದರು ಅವರು, ಉಷ್ಣ ಎಂದೆ ನಾನು. ಮೂರು ತಿಂಗಳು ಎಳನೀರು, ಮಜ್ಜಿಗೆ, ಮಾತ್ರೆ ಎಂದು ಕಾಲ ಕಳೆದು ಠಾಣೆಯ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅದು ಕ್ಯಾನ್ಸರ್ ಆಗಿತ್ತು.

ಅಲ್ಲಿನ ಡಾಕ್ಟರು ವಯಸ್ಸಾದ ಮರಾಠಿಯವರು. ಹೊರದೇಶದ ದೊಡ್ಡ ಆಸ್ಪತ್ರೆಗಳನ್ನು ನೋಡಿ ಆಗಷ್ಟೇ ಮರಳಿದ್ದರು. ಅಲ್ಲಿ ಪ್ರೋಟಾನ್ ಎಂಬ ಕಿರಣ ಬಂದಿದೆಯಂತೆ, ಎಷ್ಟು ಆಳಕ್ಕೆ ಎಂದು ಮೊದಲೇ ಗೊತ್ತು ಮಾಡಿ ಬಿಟ್ಟರೆ ಅಲ್ಲಿಗೇ ಹೋಗಿ, ತನ್ನ ಬಲವನ್ನೆಲ್ಲ ಅಲ್ಲಿ ಸುರಿದು, ನಿಂತುಬಿಡುತ್ತದಂತೆ. ಆಚೆಗಿನ ಮಾಂಸ, ಜೊಲ್ಲಿನ ಗ್ರಂಥಿ, ಬೆನ್ನುಹುರಿ ಯಾವುದನ್ನೂ ಅಷ್ಟಾಗಿ ಮುಟ್ಟುವುದಿಲ್ಲವಂತೆ. "ಬದುಕುತ್ತೇನಾ?" ಎಂದು ಕೇಳಬೇಕಾದ ನಮ್ಮವರು ಮುಂದೆ ಬಾಗಿ, "ಎಷ್ಟು ಮಿಲಿಮೀಟರಿಗೆ ನಿಲ್ಲುತ್ತದೆ?" ಎಂದು ಕೇಳಿದರು. ಡಾಕ್ಟರು ನಕ್ಕರು. ಅದು ನಮ್ಮ ದೇಶಕ್ಕೆ ಬರುವ ಹೊತ್ತಿಗೆ ನಾವಿಬ್ಬರೂ ಇರುವುದಿಲ್ಲ ಎಂದರು. ನಮ್ಮಲ್ಲಿರುವುದು ಕೋಬಾಲ್ಟ್ ಮಷಿನು, ಈ ಕೆನ್ನೆಯಲ್ಲಿ ಹೊಕ್ಕು ಆ ಕೆನ್ನೆಯಲ್ಲಿ ಹೊರಡುವ ಕಿರಣ. ಅದನ್ನೇ ಗುರಿ ತಪ್ಪದಂತೆ ಬಿಡಬೇಕು. ಏಳು ವಾರ, ದಿನಾ ಅದೇ ಜಾಗಕ್ಕೆ, ತಲೆ ಒಂದು ಕೂದಲೆಳೆಯೂ ಅಲುಗಬಾರದು. ಅದಕ್ಕೆ ಮುಖದ ಅಳತೆಗೆ ಸರಿಯಾದ ಒಂದು ಮುಖವಾಡ ಮಾಡಿ, ಅದರೊಳಗೆ ತಲೆಯಿಟ್ಟು ಹಲಗೆಗೆ ಬಿಗಿಯುತ್ತಾರೆ. "ಅದು ನನ್ನ ಕೆಲಸವಲ್ಲ, ಶಿವಲೀಲಾಳದು. ಅವಳ ಕೈ ಸರಿಯಿದ್ದರೆ ನನ್ನ ಕೈ ಸರಿ" ಎಂದರು.

ಇಷ್ಟು ಹೊಗಳಿಸಿಕೊಂಡವಳು ಬಿಳಿ ಕೋಟಿನ ಇಂಗ್ಲಿಷ್ ಹೆಂಗಸಿರಬೇಕು ಎಂದು ನಾನು ಎಣಿಸಿದ್ದೆ. ಕಾರಿಡಾರಿನ ಕೊನೆಯ ಕೋಣೆಯಿಂದ ಹೊರಬಂದವಳು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ, ಹಣೆಯಲ್ಲಿ ರೂಪಾಯಿ ಅಗಲದ ಕುಂಕುಮದ, ಮೂವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಕಲಬುರಗಿ ಕಡೆಯವಳು. ಗಂಡ ಶಹಾಡಿನ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸದವನು, ಇವಳು ಕಲ್ಯಾಣದ ಗಣಪತಿ ಕಾರಖಾನೆಯಲ್ಲಿ ಪ್ಲಾಸ್ಟರಿನ ಮೂರ್ತಿ ಹೊಯ್ಯುತ್ತಿದ್ದವಳು. ತಮ್ಮ ವಸತಿ ಸೊಸೈಟಿಯ ಗಣಪತಿಗೆ ಆರ್ಡರ್ ಕೊಡಲು ಹೋದ ಡಾಕ್ಟರು ಇವಳ ಕೈಕೆಲಸ ನೋಡಿ ಇಲ್ಲಿಗೆ ಕರೆತಂದಿದ್ದರಂತೆ. ಎರಡು ಕೆಲಸಕ್ಕೂ ಏನು ವ್ಯತ್ಯಾಸ ಎಂದು ನಮ್ಮವರು ಕೇಳಿದ್ದಕ್ಕೆ ಅವಳು ಹೇಳಿದ್ದಿಷ್ಟು: "ಗಣಪ್ಪಗ ಉಸಿರಾಡ್ಲಾಕ ತೂತು ಬಿಡೂದ್ ಬೇಕಿರಲಿಲ್ರಿ ಅಣ್ಣಾರ. ಮನಷ್ಯಾರಿಗೆ ಬಿಡಬೇಕು. ಅಷ್ಟ ಫರಕ."

ನಮ್ಮವರು ನಕ್ಕರು. ಕಾಯಿಲೆ ಗೊತ್ತಾದ ಮೇಲೆ ಮೊದಲ ಸಲ ನಕ್ಕದ್ದು. ಅವರನ್ನು ನಗಿಸಲು ನಾನು ಎರಡು ವಾರದಿಂದ ಏನೇನು ಸರ್ಕಸ್ ಮಾಡಿದ್ದೆನೋ ನನಗೇ ಗೊತ್ತು.

ಮುಖದ ಅಚ್ಚು ತೆಗೆಯುವ ಮೊದಲು ಮೀಸೆ ಬೋಳಿಸಬೇಕು ಎಂದಳು. ನಮ್ಮವರ ಮೀಸೆ ಎಂದರೆ ಸಣ್ಣ ವಿಷಯವಲ್ಲ. ಮದುವೆಯಾದ ಹೊಸದರಲ್ಲಿ, ಚುಚ್ಚುತ್ತದೆ, ತೆಗೆಯಿರಿ ಎಂದು ಬಾಯಿಬಿಟ್ಟು ಹೇಳಿದ್ದೆ. ಅವರ ಅಪ್ಪನ ಕಾಲದಿಂದ ಬಂದದ್ದು, ಮುಟ್ಟುವುದಿಲ್ಲ ಎಂದಿದ್ದರು. ಆಮೇಲೆ ಆ ಮಾತು ಎತ್ತಿರಲಿಲ್ಲ. ಇವಳು, "ಅಣ್ಣಾರ, ಕೂದಲಾ ಪ್ಲಾಸ್ಟರಿಗಿ ಹಿಡಕೋತದ, ಕೀಳಾಗ ನೀವ ಬೊಬ್ಬಿ ಹೊಡೀತೀರಿ" ಎಂದಿದ್ದೇ ತಡ, ಮರುದಿನ ಬೆಳಿಗ್ಗೆ ಬೋಳು ಮೇಲ್ತುಟಿಯ ಯಾವನೋ ಒಬ್ಬ ನಮ್ಮ ಬಚ್ಚಲಿನಿಂದ ಹೊರಬಂದ. ಒಳ್ಳೆಯದಕ್ಕೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಅಚ್ಚಿನ ಕೋಣೆಯ ಬಾಗಿಲಿನಲ್ಲಿ ಒಂದು ಗಾಜಿನ ಕಿಂಡಿ ಇತ್ತು. ನಾನು ಅದಕ್ಕೆ ಮೂಗು ಒತ್ತಿ ನಿಂತಿದ್ದೆ. ಒಳಗಿನ ಕಪಾಟಿನ ತುಂಬ ಬಿಳಿ ಬಿಳಿ ಮುಖಗಳು, ಕಣ್ಣು ಮುಚ್ಚಿದ ಹೆಂಗಸರು, ಗಂಡಸರು. ಸಂಜೆ ಮನೆಗೆ ಹೊರಡುವಾಗ ಶಿವಲೀಲಾ ಅವಕ್ಕೆಲ್ಲ ಹಳೆಯ ಸೀರೆಯೊಂದನ್ನು ಹೊದಿಸಿ ಹೋಗುತ್ತಿದ್ದಳು, ಒಬ್ಬರನ್ನೊಬ್ಬರು ನೋಡಿ ಹೆದರಿಕೊಳ್ಳುತ್ತವಂತೆ. ನಮ್ಮವರನ್ನು ಮಲಗಿಸಿ, ಮುಖಕ್ಕೆ ವ್ಯಾಸಲೀನ್ ಸವರಿ, ಒದ್ದೆ ಪ್ಲಾಸ್ಟರ್ ಪಟ್ಟಿಗಳನ್ನು ಹಣೆಯಿಂದ ಹೊದಿಸುತ್ತ ಬಂದಳು. ಕಣ್ಣಿನ ಮೇಲೆ ಪಟ್ಟಿ ಬಿದ್ದದ್ದೇ ನಮ್ಮವರು ದಡಕ್ಕನೆ ಎದ್ದು ಕೂತು ಎಲ್ಲವನ್ನೂ ಕಿತ್ತೊಗೆದರು. ಹೊಂಡದಲ್ಲಿ ಹೂತ ಹಾಗಾಗುತ್ತದೆ, ತನ್ನಿಂದ ಆಗದು, ಕಾಯಿಲೆ ಆದದ್ದಾಗಲಿ ಎಂದರು. ನಾನು ಒಳಗೆ ನುಗ್ಗಿ ಗದರಿದೆ, ಬೇಡಿಕೊಂಡೆ, ನಮ್ಮ ಒಬ್ಬಳೇ ಮಗಳ ಹೆಸರು ಹೇಳಿ ಅತ್ತುಬಿಟ್ಟೆ. ಮನುಷ್ಯ ಕದಲಲಿಲ್ಲ.

ಶಿವಲೀಲಾ ಹತ್ತಿರ ಬಂದಳು. ಒಂದು ಒದ್ದೆ ಪಟ್ಟಿಯನ್ನು ಅವರ ಮುಂಗೈ ಮೇಲೆ ಹಾಕಿ, "ಇದು ಗಟ್ಟಿ ಆಗಾಗ ಬೆಚ್ಚಗ ಆಗ್ತದ, ನೋಡ್ರಿ" ಎಂದಳು. ಅವರು ನೋಡಿದರು. ಆಮೇಲೆ ಬಿಳಿ ನೂಲಿನ ಉಂಡೆ ತೆಗೆದು ಒಂದು ತುದಿಯನ್ನು ಅವರ ತೋರುಬೆರಳಿಗೂ ಇನ್ನೊಂದು ತುದಿಯನ್ನು ತನ್ನ ಹಸಿರು ಬಳೆಗಳಿಗೂ ಕಟ್ಟಿದಳು. "ಯಾವಾಗ ಹೆದರಿಕಿ ಬಂತು, ಜಗ್ರಿ. ಬಳಿ ಸಪ್ಪಳ ಆಗೂದ್ರಾಗ ನಿಮ್ಮ ಮಾರಿ ಬಿಚ್ಚಿರ್ತೀನಿ. ದೇವರಾಣಿ." ಎಲ್ಲ ರೋಗಿಗಳಿಗೂ ಅವಳು ಮಾಡುತ್ತಿದ್ದುದು ಹೀಗೆಯೇ ಎಂದು ನನಗೆ ಆಮೇಲೆ ಗೊತ್ತಾಯಿತು. ಆಗ ನನಗೆ ಕಂಡದ್ದು ನನ್ನ ಗಂಡನ ಬೆರಳಿಗೂ ಪರಹೆಂಗಸಿನ ಬಳೆಗೂ ಕಟ್ಟಿದ ದಾರ. ಮುಹೂರ್ತ ಒಂದು ಬಾಕಿ ಎಂದುಕೊಂಡೆ. ಅವರು ಒಮ್ಮೆಯೂ ಜಗ್ಗಲಿಲ್ಲ. ಇಪ್ಪತ್ತು ನಿಮಿಷ ಆ ಅಗಲದ ಕೈಗಳು ಅವರ ಕೆನ್ನೆ, ಮೂಗು, ಗದ್ದ, ಕಿವಿಯ ಹಿಂಬದಿ ಎಲ್ಲವನ್ನೂ ಒತ್ತುತ್ತ ಸವರುತ್ತ ಓಡಾಡಿದವು. ನಾನು ಕಿಂಡಿಯ ಆಚೆ ನಿಂತು ನನ್ನ ಉಸಿರಿನಿಂದ ಮಬ್ಬಾದ ಗಾಜನ್ನು ಮತ್ತೆ ಮತ್ತೆ ಒರೆಸಿಕೊಂಡೆ.

ಆ ಅಚ್ಚಿನೊಳಗೆ ಪ್ಲಾಸ್ಟರ್ ಹೊಯ್ದು ಮುಖ, ಆ ಮುಖದ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆ ಎಳೆದು ಪಾರದರ್ಶಕ ಮುಖವಾಡ. ಇದರಲ್ಲಿ ನಮ್ಮವರಿಗೆ ಹುಚ್ಚೇ ಹಿಡಿಯಿತು. ತಮ್ಮದೇ ವೃತ್ತಿಯಲ್ಲವೇ! ಪ್ಲಾಸ್ಟರ್ ಗಟ್ಟಿಯಾಗುವಾಗ ಹಿಗ್ಗುತ್ತದೋ ಕುಗ್ಗುತ್ತದೋ, ಹಾಳೆ ಮೂಗಿನ ಮೇಲೆ ಎಷ್ಟು ತೆಳುವಾಗುತ್ತದೆ ಎಂದು ಇಬ್ಬರಿಗೂ ವಾದ. ಮನೆಯಲ್ಲಿ ಒಂದು ಇಡೀ ಭಾನುವಾರವನ್ನು ಹತ್ತು ಮಾತಿನಲ್ಲಿ ಮುಗಿಸುವ ಮನುಷ್ಯ ಅಲ್ಲಿ ಸರದಿ ಕಾಯುವ ಅರ್ಧ ಗಂಟೆಯಲ್ಲಿ ನೂರು ಮಾತಾಡುತ್ತಿದ್ದರು. ಪ್ರೋಟಾನಿನ ಕತೆಯನ್ನೂ ಅವಳಿಗೆ ಚಿತ್ರ ಬರೆದು ವಿವರಿಸಿದರು. ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿ ತೀರ್ಪು ಕೊಟ್ಟಳು: "ಹಂಗಾರ ಅದು ಶಾಣ್ಯಾ ಸೊಸಿ ಇದ್ದಂಗ. ಹೇಳಿದ ಕೆಲಸ ಮಾಡಿ ಸುಮ್ಮ ಕುಂದರ್ತದ. ನಮ್ಮ ಕೋಬಾಲ್ಟ್ ಅತ್ತಿ ಇದ್ದಂಗ್ರಿ, ಅಡ್ಡ ಬಂದವರ್ನೆಲ್ಲಾ ಸುಟಗೋತ ಹೋಗ್ತದ." ಡಾಕ್ಟರು ಆ ಮಾತನ್ನು ಮರಾಠಿಗೆ ಮಾಡಿಸಿಕೊಂಡು ಕೇಳಿ ಎಲ್ಲ ರೋಗಿಗಳಿಗೂ ಹೇಳತೊಡಗಿದರು. ನನಗೂ ಒಳಗೊಳಗೇ ನಗು ಬಂತು. ಹೊರಗೆ ತೋರಿಸಲಿಲ್ಲ.

ಎರಡನೆಯ ವಾರ ನಮ್ಮವರು ಕಾರ್ಖಾನೆಗೆ ಹೋಗಿ, ಅವಳಿಗೆಂದು ಪ್ಲಾಸ್ಟರ್ ಕೆರೆಯುವ ಒಂದು ಉಕ್ಕಿನ ಚೂರಿ ಮಾಡಿ ತಂದರು, ಹಿಡಿಗೆ ಹಿತ್ತಾಳೆಯ ಗುಬಟು ಬೇರೆ. ತರಕಾರಿ ಹೆಚ್ಚುವ ನನ್ನ ಮೆಟ್ಟುಕತ್ತಿಯ ಅಲಗು ಮೊಂಡಾಗಿದೆ, ಸ್ವಲ್ಪ ಮಸೆದುಕೊಡಿ ಎಂದು ನಾನು ಹಿಂದಿನ ದೀಪಾವಳಿಯಿಂದ ಹೇಳುತ್ತಿದ್ದೆ. ಅಂದು ನಾನು ಆ ಮೊಂಡು ಕತ್ತಿಯಲ್ಲೇ ಕುಂಬಳಕಾಯಿಯನ್ನು ಎಷ್ಟು ಸಿಟ್ಟಿನಿಂದ ಹೆಚ್ಚಿದೆನೆಂದರೆ ಪಕ್ಕದ ಮನೆಯ ಮರಾಠಿ ಮಾವುಶಿ ಏನಾಯಿತೆಂದು ಕೇಳಲು ಬಂದರು.

ಮೂರನೆಯ ವಾರದಲ್ಲಿ ಬಾಯೆಲ್ಲ ಬೆಂದು ಹುಣ್ಣಾಯಿತು. ನೀರು ನುಂಗುವುದೂ ಕಷ್ಟ, ಮಾತಂತೂ ನಿಂತೇಹೋಯಿತು. ಜೇಬಿನಲ್ಲಿ ಚೀಟಿಗಳ ಕಟ್ಟು, ಪೆನ್ಸಿಲು. ಡಾಕ್ಟರಿಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಶಿವಲೀಲಾಳಿಗೆ ಕನ್ನಡದಲ್ಲಿ. ಇಡೀ ಆಸ್ಪತ್ರೆಯಲ್ಲಿ ಕನ್ನಡ ಓದಬಲ್ಲವಳು ಅವಳೊಬ್ಬಳೇ, ಅದೂ ನಾಲ್ಕನೆಯ ಕ್ಲಾಸಿನ ಓದು. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ, ಅರ್ಥವಾದಾಗ ಹುಬ್ಬು ಹಾರಿಸುತ್ತಿದ್ದಳು. ನನಗೆ? ನನಗೆ ಕೈಸನ್ನೆ. ಗಂಜಿ ಬೇಕಾದರೆ ಬಟ್ಟಲು ತೋರಿಸುವುದು, ಬೇಡವಾದರೆ ಕೈ ಆಡಿಸುವುದು. ಹೆಂಡತಿಗೆ ಬರೆದು ತಿಳಿಸಬೇಕೇ, ಅವಳಿಗೆ ಗೊತ್ತಾಗುತ್ತದೆ ಎಂದು ಅವರ ಎಣಿಕೆ ಇರಬಹುದು. ನನಗೆ ಒಂದು ಚೀಟಿ ಬೇಕಿತ್ತು. ಉಪ್ಪು ಜಾಸ್ತಿಯಾಗಿದೆ ಎಂದಾದರೂ ಸರಿ.

ಐದನೆಯ ವಾರದ ಸೋಮವಾರ ನಾನು ಮಾಡಿದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಚಿಕಿತ್ಸೆ ಮುಗಿಸಿ ಠಾಣೆಯಲ್ಲಿ ಕಲ್ಯಾಣ ಲೋಕಲ್ ಹಿಡಿದಿದ್ದೆವು. ನಮ್ಮವರು ಗಂಡಸರ ಡಬ್ಬಿಯಲ್ಲಿ, ನಾನು ಲೇಡೀಸಿನಲ್ಲಿ. ರೈಲು ಹೊರಡುವಾಗ ಶಿವಲೀಲಾ ಓಡಿಬಂದು ಹತ್ತಿ, ನನ್ನ ಪಕ್ಕ ಜಾಗ ಮಾಡಿಕೊಂಡು ಕೂತಳು. ಅಂದು ಅವಳಿಗೆ ಅರ್ಧ ದಿನದ ರಜೆ. "ಯಕ್ಕಾ, ಅಣ್ಣಾರು ಸೊರಗ್ಯಾರ. ಮುಖವಾಡ ಸಡಿಲಾಗ್ಯದ, ಒಳಗ ಗದ್ದ ಆಡ್ಲತ್ತದ. ನೀವ್ ಹೋದ ಮ್ಯಾಲ ಡಾಕ್ಟರಿಗಿ ಹೇಳೀನಿ, ಹೊಸಾದ್ ಮಾಡು ಅಂದಾರ. ನಾಳಿ ಒಂದ್ ತಾಸು ಮೊದಲ ಕರಕೊಂಡ್ ಬಾ. ಮರೀಬ್ಯಾಡ ಮತ್ತ. ಗುರಿ ತಪ್ಪಿದ್ರ ರೋಗ ಉಳೀತದ, ಚಲೋ ಮಾಂಸ ಸುಡ್ತದ." ನಾನು "ಆಯ್ತು ಮಾರಾಯ್ತಿ" ಎಂದೆ.

ಮರೆಯಲಿಲ್ಲ. ಡೊಂಬಿವಲಿಯಲ್ಲಿ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದ ಅವರನ್ನು ನೋಡಿದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮತ್ತೆ ಆ ದಾರ, ಆ ಬಳೆ, ಆ ಇಪ್ಪತ್ತು ನಿಮಿಷ ನನ್ನಿಂದ ನೋಡಲಾಗದು ಎನಿಸಿತು. ಒಂದು ದಿನದಲ್ಲಿ ಏನಾಗುತ್ತದೆ, ನಾಳೆ ಹೇಳಿದರಾಯಿತು ಎಂದುಕೊಂಡೆ. ಮಂಗಳವಾರ ಬೇಕೆಂದೇ ತಡ ಮಾಡಿದೆ. ನಾವು ತಲುಪಿದಾಗ ಶಿವಲೀಲಾ ಬೇರೊಬ್ಬರ ಮುಖಕ್ಕೆ ಪ್ಲಾಸ್ಟರ್ ಹಾಕುತ್ತಿದ್ದಳು, ಬಿಟ್ಟು ಬರುವಂತಿರಲಿಲ್ಲ. ಮಷಿನಿನವರು ಸಡಿಲಾದಲ್ಲಿ ಹತ್ತಿ ತುರುಕಿ ಕೆಲಸ ಮುಗಿಸಿದರು. ಬುಧವಾರವೂ ತಡ ಮಾಡಿದೆ, ಆಗಲೂ ಅವಳ ಕೈ ಖಾಲಿಯಿರಲಿಲ್ಲ. ಅಂದು ಡಾಕ್ಟರು ತಾವೇ ನೋಡಲು ಬಂದವರು, ಮುಖವಾಡದ ಮೇಲೆ ಎಳೆದ ಗುರಿಯ ಗೆರೆಗಳು ಪಕ್ಕಕ್ಕೆ ಸರಿದದ್ದನ್ನು ಕಂಡು ಚಿಕಿತ್ಸೆ ನಿಲ್ಲಿಸಿ ನಮ್ಮವರನ್ನು ಕೆಳಗಿಳಿಸಿದರು.

ಸ್ವಲ್ಪ ಹೊತ್ತಿನ ಮೇಲೆ ನನ್ನನ್ನೂ ಶಿವಲೀಲಾಳನ್ನೂ ಕರೆದರು. ಅಷ್ಟು ಸಿಟ್ಟು ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಈ ಚಿಕಿತ್ಸೆಯಲ್ಲಿ ನಡುವೆ ದಿನ ಬಿಡುವುದೆಂದರೆ ರೋಗಕ್ಕೆ ಉಸಿರು ಕೊಟ್ಟ ಹಾಗೆ, ಸೋಮವಾರ ಹೇಳಿದ್ದು ಇನ್ನೂ ಯಾಕೆ ಆಗಿಲ್ಲ ಎಂದು ಮೇಜು ಗುದ್ದಿದರು. ಬಾಯಿ ತೆರೆದೆ. ನಾನು ಏನು ಹೇಳುತ್ತಿದ್ದೆನೋ, ನಿಜವನ್ನೋ ಸುಳ್ಳನ್ನೋ, ಇವತ್ತಿಗೂ ಗೊತ್ತಿಲ್ಲ. ಶಿವಲೀಲಾ ಮೊದಲೇ ಹೇಳಿಬಿಟ್ಟಳು, ಮರಾಠಿಯಲ್ಲಿ, ತಲೆ ತಗ್ಗಿಸಿ: "ತಪ್ಪು ನನ್ನದು ಸಾಹೇಬ್. ಇವರಿಗೆ ಹೇಳಲು ಮರೆತೆ." ಡಾಕ್ಟರು ಅವಳನ್ನು ನನ್ನ ಎದುರಿಗೇ ಬಾಯಿಗೆ ಬಂದಂತೆ ಬೈದರು. ಗಣಪತಿ ಮಾಡಲಿಕ್ಕೇ ಹೋಗು ಎಂದರು. ಅವಳು ಕಣ್ಣೆತ್ತಲಿಲ್ಲ, ನನ್ನ ಕಡೆಗಂತೂ ನೋಡಲೇ ಇಲ್ಲ.

ನನಗೆ ಅಂದು ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ನಿಜ ಹೇಳುವುದಾದರೆ, ನಾಚಿಕೆಯ ಬೆನ್ನಿಗೇ ಮತ್ತೆ ಅದೇ ಹೊಟ್ಟೆಕಿಚ್ಚು. ಮಾತಿನಲ್ಲಿ ಗೆದ್ದಳು, ಕೈಕೆಲಸದಲ್ಲಿ ಗೆದ್ದಳು, ಈಗ ಒಳ್ಳೆಯತನದಲ್ಲೂ ನನ್ನನ್ನು ಮೀರಿಸಿದಳಲ್ಲ ಎಂದು. ಎರಡು ದಿನ ಚಿಕಿತ್ಸೆ ನಿಂತಿತು. ಆ ಎರಡು ದಿನ ನಾನು ಅನ್ನ ಬಡಿಸುವಾಗ, ಬಟ್ಟೆ ಒಣಹಾಕುವಾಗ ಅವರ ಗಂಟಲನ್ನೇ ನೋಡುತ್ತಿದ್ದೆ, ಅಲ್ಲಿ ಆ ರೋಗ ಉಸಿರಾಡುತ್ತಿರಬಹುದೇ ಎಂದು. ಹೊಸ ಮುಖವಾಡ ಬಂತು. ಉಳಿದ ವಾರಗಳು ಮುಗಿದವು. ವರ್ಷ ಕಳೆದು ಎರಡನೆಯ ವರ್ಷಕ್ಕೆ ಬಿದ್ದಾಗ ಡಾಕ್ಟರು, ಇನ್ನು ಆರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದರು. ಪ್ರತಿ ತಪಾಸಣೆಯ ಹಿಂದಿನ ದಿನ ಆ ಮಂಗಳವಾರ, ಬುಧವಾರಗಳು ನನ್ನ ಎದೆಯ ಮೇಲೆ ಬಂದು ಕೂರುತ್ತಿದ್ದವು.

ಅಷ್ಟರಲ್ಲಿ ಆಸ್ಪತ್ರೆಗೆ ಬಿಸಿನೀರಿನಲ್ಲಿ ಮೆತ್ತಗಾಗುವ ಸಿದ್ಧ ಜಾಲರಿ ಬಂದಿತ್ತು. ಮುಖದ ಮೇಲೆ ಎಳೆದರೆ ಐದೇ ನಿಮಿಷ, ಪ್ಲಾಸ್ಟರಿನ ಹಂಗಿಲ್ಲ. ಅಚ್ಚಿನ ಕೋಣೆಯನ್ನು ಮುಚ್ಚಿದರು. ಶಿವಲೀಲಾ ಮರಳಿ ಕಲ್ಯಾಣದ ಗಣಪತಿ ಕಾರಖಾನೆಗೆ ಹೋದಳೆಂದು ತಿಳಿಯಿತು. ಸಂತೋಷವಾಗಬೇಕಿತ್ತು ನನಗೆ. ಆಗಲಿಲ್ಲ.

ಚೌತಿಗೆ ಹದಿನೈದು ದಿನವಿರುವಾಗ ಒಂದು ಮಧ್ಯಾಹ್ನ ನಾನೊಬ್ಬಳೇ ಹುಡುಕಿಕೊಂಡು ಹೋದೆ. ತಗಡಿನ ಮಾಡಿನ ಕೆಳಗೆ ಸಾಲು ಸಾಲು ಬಣ್ಣ ಹಚ್ಚದ ಗಣಪತಿಗಳು, ಅವುಗಳ ನಡುವೆ ಅವಳು. "ಯಕ್ಕಾ!" ಎಂದು ಎದ್ದು ಬಂದಳು. ಅಣ್ಣಾರು ಹ್ಯಾಂಗದಾರ, ಉಂತಾರಾ, ದನಿ ಬಂತಾ ಎಂದು ಒಂದೇ ಉಸಿರಿಗೆ ಕೇಳಿದಳು. ಉಣ್ಣುತ್ತಾರೆ, ಜೊಲ್ಲು ಬತ್ತಿಹೋಗಿದೆ, ತುತ್ತಿಗೊಂದು ಗುಟುಕು ನೀರು ಬೇಕು ಎಂದೆ. ಆಮೇಲೆ ಹೇಳಿದೆ: "ಅವತ್ತು ನಾನು ಮರೆತದ್ದಲ್ಲ ಶಿವಲೀಲಾ. ಬೇಕೂಂತಲೇ ಹೇಳಲಿಲ್ಲ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ."

ಅವಳಿಗೆ ಆಶ್ಚರ್ಯವಾಗಲಿಲ್ಲ. "ಗೊತ್ತದ ಯಕ್ಕಾ. ಅಣ್ಣಾರಿಗೂ ಗೊತ್ತದ."

"ಅವರಿಗೆ ಹೇಗೆ?" ಎಂದೆ.

"ಬುಧವಾರ ಮಷಿನ್ ಮ್ಯಾಲಿಂದ ಇಳಿಸಿದ್ರಲ್ಲ, ಸೀದಾ ನನ್ನ ಹತ್ರ ಬಂದ್ರು. ಮುಖವಾಡ ಯಾಕ್ ಮಾಡಲಿಲ್ಲ ಅಂತ ಚೀಟಿ ಬರದ್ರು. ನಾ ಅಂದೆ, ಅಕ್ಕಗ ಸೋಮವಾರನ ಹೇಳೀನಲ್ರೀ ಅಂತ. ಆಮ್ಯಾಲ ಇನ್ನೊಂದ್ ಚೀಟಿ ಬರದ್ ಕೊಟ್ರು. 'ಅವಳ ಹೆಸರು ಹೇಳಬೇಡ, ನೀನು ಮರೆತೆ ಅನ್ನು' ಅಂತ. ನಾ ಒಲ್ಲೆ ಅಂತ ಹ್ಯಾಂಗನ್ನಲಿ? ಹೊಸಾ ಮುಖವಾಡ ಮಾಡಾಗ ಕೈ ಮುಗದ್ರು ನನಗ, ಆ ಪ್ಲಾಸ್ಟರ್ ಒಳಗಿಂದ."

ಎರಡು ವರ್ಷ ಆ ಮನುಷ್ಯ ನನ್ನ ಎದುರಿಗೆ ಕೂತು ಊಟ ಮಾಡಿದ್ದರು. ಒಂದು ಮಾತಿಲ್ಲ, ಒಂದು ನೋಟವಿಲ್ಲ. ಅವರಿಬ್ಬರ ನಡುವೆ ಏನೋ ಇದೆ ಎಂದು ನಾನು ಉರಿದದ್ದು ಸುಳ್ಳಾಗಿರಲಿಲ್ಲ. ಗುಟ್ಟೊಂದು ಇತ್ತು. ಅದು ನಾನು.

"ಆ ಚೀಟಿ ಎಲ್ಲಿದೆ?" ಎಂದೆ.

"ಅವತ್ತ ಹರದ್ ಒಗದೆ. ಯಾರರ ನೋಡಿದ್ರ?" ಎಂದಳು. ಹಣೆ ಉಜ್ಜಿಕೊಂಡು, "ಕೆಳಗ ಇನ್ನೊಂದ್ ಸಾಲು ಇತ್ತು ಯಕ್ಕಾ, ನಿನ್ನ ಬಗ್ಗೇನ. ಉದ್ದಂದಿತ್ತು. ಓದ್ಲಾಕ ಭಾಳ ಹೊತ್ತು ಹಿಡೀತು, ಓದಿ ನನಗ ಕಣ್ಣಾಗ ನೀರ್ ಬಂತು. ಏನಂತ ಬರದಿದ್ರು... ಈಗ ನೆನಪ ಆಗವಲ್ದು ನೋಡು. ನೆನಪಾದ್ರ ಹೇಳ್ತೀನಿ" ಎಂದಳು. ಹೊರಗಿನಿಂದ ಕಾರಖಾನೆಯ ಸೇಠ್ ಕೂಗಿದ. ಅವಳು ನನ್ನ ಕೆನ್ನೆಯನ್ನು ಅಂಗೈಯಿಂದ ಒಮ್ಮೆ ಒತ್ತಿ ಕೆಲಸಕ್ಕೆ ಹೋದಳು.

ಮನೆಗೆ ಬಂದು ಊಟಕ್ಕೆ ಬಡಿಸುವಾಗ ಅವರನ್ನೇ ಕೇಳಿದೆ. ಎಲ್ಲವನ್ನೂ ಹೇಳಿ, ಅತ್ತು, ಕೊನೆಗೆ ಕೇಳಿದೆ. ಅವರು ನೀರು ಕುಡಿದು, ಒಡಕು ದನಿಯಲ್ಲಿ, "ಆವತ್ತು ಎಂತ ಬರೆದಿದ್ದೆನೋ, ಯಾರಿಗೆ ನೆನಪುಂಟು ಮಾರಾಯ್ತಿ. ಅನ್ನ ಹಾಕು" ಎಂದರು. ಕಿವಿ ಕೆಂಪಾಗಿತ್ತು. ಮತ್ತೆ ನಾಲ್ಕಾರು ಸಲ ಕೇಳಿದೆ, ಬೇರೆ ಬೇರೆ ವರಸೆಯಲ್ಲಿ. ಅದೇ ಉತ್ತರ.

ಮುಂದಿನ ಚೌತಿಗೆ ಕಲ್ಯಾಣಕ್ಕೆ ಹೋದಾಗ ಆ ತಗಡಿನ ಮಾಡು ಇರಲಿಲ್ಲ, ಕಟ್ಟಡ ಏಳುತ್ತಿತ್ತು. ಶಹಾಡಿನಲ್ಲಿ ಅವಳ ಸಂಸಾರವಿದ್ದ ಚಾಳಿನಲ್ಲಿ ವಿಚಾರಿಸಿದೆ, ಗಂಡನ ಕೆಲಸ ಹೋಗಿ ಅವರೆಲ್ಲ ಊರಿಗೆ ಹೋದರು ಎಂದರು. ಯಾವ ಊರು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಷ್ಟು ದಿನ ಅವಳನ್ನು ಕಂಡು ಉರಿದವಳು ನಾನು, ಊರಿನ ಹೆಸರನ್ನೂ ಕೇಳಿಟ್ಟುಕೊಂಡಿರಲಿಲ್ಲ. ಕಲಬುರಗಿ ಸೀಮೆಯ ಯಾವುದೋ ಹಳ್ಳಿಯಲ್ಲಿ ಅವಳಿಗೆ ಒಂದು ದಿನ ಆ ಸಾಲು ನೆನಪಾಗಿರಬಹುದು. ನನ್ನ ಗಂಡ ನನ್ನ ಬಗ್ಗೆ ಬರೆದದ್ದು ಅದೊಂದೇ ಸಾಲು. ಓದಿದವಳು ಅವಳೊಬ್ಬಳೇ.